ಸಾಲು ನಿಮ್ಮದು, ಸದ್ದು ಯಾರದು? ಕನ್ನಡ ರ‍್ಯಾಪ್ ಆಲ್ಬಮ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದಲ್ಲಿ ಮಹಡಿ ಮೇಲಿನ ಒಂದು ರೂಮಿನಲ್ಲಿ ನಾನು ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುತ್ತೇನೆ, ಅಂದರೆ ದನಿ, ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸುತ್ತೇನೆ. ಊರು ಪಾಂಡವಪುರದ ಕಡೆ. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ರ‍್ಯಾಪ್ ಬರೆಯುವವರೇ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ನಂಜನಗೂಡಿನಿಂದ ಬಸ್ಸು ಹತ್ತಿ ಬರುತ್ತಾರೆ. ಬರವಣಿಗೆ ಕೇಳಿದರೆ ಮೈ ಜುಂ ಅನ್ನುತ್ತದೆ. ಆದರೆ ಪ್ರೊಡಕ್ಷನ್ ವಿಷಯಕ್ಕೆ ಬಂದರೆ ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ, ನಾನೂ ಅವೇ ಉತ್ತರ ಕೊಡುತ್ತೇನೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಅಣ್ಣ, ಸಾಲು ಗಟ್ಟಿ ಇದ್ದರೆ ಸಾಕಲ್ವಾ? ಬೀಟ್ ಹೇಗಿದ್ದರೇನು?

ಸಾಕಾಗುವುದಿಲ್ಲ. ಬೀಟ್ ಅಂದರೆ ಸಾಲಿನ ಹಿಂದೆ ನುಡಿಯುವ ಸಂಗೀತ. ಅದು ಎಷ್ಟು ಮುಖ್ಯ ಅಂತ ನಾನು ಒಂದು ಹಾಡಿನಿಂದ ಕಲಿತೆ.

ಎರಡು ವರ್ಷದ ಹಿಂದೆ ಮಂಡ್ಯ ಕಡೆಯ ಒಬ್ಬ ಹುಡುಗ ಬಂದ. ಆಲೆಮನೆಯಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಾ ಬೆಳೆದವನು. ಅವನ ಒಂದು ವರ್ಸ್ (ಹಾಡಿನ ಒಂದು ಚರಣ) ಪೂರ್ತಿ ಕೊಪ್ಪರಿಗೆಯ ಸುತ್ತಲೇ ನಡೆಯುತ್ತದೆ. ಕಬ್ಬಿನ ಹಾಲು ಕುದಿಯುವುದು, ಮೇಲಿನ ಕೊಳೆ ತೆಗೆಯುವುದು, ಪಾಕ ಬಂತಾ ಅಂತ ನೀರಿಗೆ ಹಾಕಿ ನೋಡುವುದು, ಅಚ್ಚಿಗೆ ಹುಯ್ಯುವುದು, ಇಷ್ಟೂ ಆದ ಮೇಲೆ ಕೊನೆಗೆ ಒಂದು ಸಾಲು: "ಬೆಲ್ಲ ಬಂತು, ಬೆಲೆ ಬರಲಿಲ್ಲ." ಓದಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ಎರಡು ಪದ, ನಡುವೆ ಒಂದು ಒತ್ತಕ್ಷರದ ವ್ಯತ್ಯಾಸ, ಅದರೊಳಗೆ ಒಂದು ಮನೆಯ ಕಥೆ.

ಮೊದಲ ಸಲ ಅದನ್ನು ಮಿಕ್ಸ್ ಮಾಡಿದವನು ನಾನೇ. ಅವನು ಆನ್‌ಲೈನಿನಲ್ಲಿ ಕೊಂಡ ಬೀಟ್ ತಂದಿದ್ದ, ದೊಡ್ಡ ಬ್ರಾಸ್ (ತುತ್ತೂರಿ ಥರದ ವಾದ್ಯಗಳು), ದಪ್ಪ 808 (ಡ್ರಮ್ ಯಂತ್ರದ ಆಳದ ಬೇಸ್ ಸದ್ದು), ವರ್ಸ್ ಮುಗಿಯುವ ಕಡೆ ಒಂದು ಉದ್ದನೆಯ ಸ್ನೇರ್ ರೋಲ್ (ಚುರುಕು ಡ್ರಮ್ಮಿನ ಎಡೆಬಿಡದ ಬಡಿತ). ನಾನು ದನಿಗೆ ದೊಡ್ಡ ಹಾಲ್‌ನ ರಿವರ್ಬ್, ಅಂದರೆ ಮಾರ್ದನಿ, ಹಾಕಿದೆ, ಭವ್ಯವಾಗಿರಲಿ ಅಂತ. ಆ ಮಿಕ್ಸನ್ನು ಕಾರಿನಲ್ಲಿ ಹಾಕಿಕೊಂಡು ನಾಲ್ಕು ಜನ ಗೆಳೆಯರು ಶ್ರೀರಂಗಪಟ್ಟಣದವರೆಗೆ ಹೋಗಿ ಬಂದೆವು. ಒಬ್ಬರೂ ಆ ಸಾಲು ಹಿಡಿಯಲಿಲ್ಲ. ಒಬ್ಬ ಕೇಳಿದ, "ಕೊನೇಲಿ ಅದೇನೋ ಬೆಲೆ ಬಂತು ಬೆಲೆ ಬರ್ಲಿಲ್ಲ ಅಂತಾನಲ್ಲ, ಹಂಗಂದ್ರೇನು?"

ಸ್ನೇರ್ ರೋಲ್ ಅವನ ಕೊನೆಯ ಸಾಲಿನ ಮೇಲೆಯೇ ಬಿದ್ದಿತ್ತು. ರಿವರ್ಬ್ "ಬೆಲ್ಲ"ದ ಒತ್ತನ್ನು ತಿಂದಿತ್ತು. ಮತ್ತೆ ಕೂತೆವು. ಬ್ರಾಸ್ ತೆಗೆದೆವು, ಕೊನೆಯ ಸಾಲಿಗೆ ಬೇಸ್ ಒಂದನ್ನು ಬಿಟ್ಟು ಎಲ್ಲವನ್ನೂ ನಿಲ್ಲಿಸಿದೆವು, ಸಾಲು ಮುಗಿದ ಮೇಲೆ ಅರ್ಧ ಬಾರ್ (ಬಾರ್ ಅಂದರೆ ನಾಲ್ಕು ಬಡಿತದ ಒಂದು ಸುತ್ತು) ಖಾಲಿ ಬಿಟ್ಟೆವು. ಆಮೇಲೆ ಕೇಳಿದವರು ಆ ಸಾಲನ್ನು ನಮಗೇ ವಾಪಸ್ ಹೇಳಿದರು. ಹಾಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಆವತ್ತಿನಿಂದ ನನಗೆ ಪ್ರೊಡಕ್ಷನ್ ಅಂದರೆ ಬರೆದವನ ಸಾಲನ್ನು ಮೊದಲು ಓದಿಕೊಂಡು, ಅದು ಕೇಳುವವರ ಕಿವಿ ತಲುಪುವ ದಾರಿ ಮಾಡಿಕೊಡುವ ಕೆಲಸ.

ಪ್ರೊಡಕ್ಷನ್ ಅಂದರೆ ಬೀಟ್ ಮಾತ್ರಾನಾ?

ಬೀಟ್ ಅದರಲ್ಲಿ ಒಂದು ಪಾಲು. ಯಾವ ಸಾಲಿಗೆ ಯಾವ ವಾದ್ಯ ನಿಲ್ಲಬೇಕು, ದನಿಯನ್ನು ಯಾವ ಮೈಕಿನಲ್ಲಿ ಎಷ್ಟು ಹತ್ತಿರದಿಂದ ಹಿಡಿಯಬೇಕು, ಹತ್ತು ಟೇಕಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಮಿಕ್ಸಿನಲ್ಲಿ ಯಾರು ಮುಂದೆ ಯಾರು ಹಿಂದೆ, ಕೊನೆಗೆ ಆಲ್ಬಮ್ಮಿನಲ್ಲಿ ಯಾವ ಹಾಡಿನ ನಂತರ ಯಾವುದು, ಎಲ್ಲವೂ ಪ್ರೊಡಕ್ಷನ್ನೇ. ಬೀಟ್ ಮಾಡಿ ಫೈಲ್ ಕಳಿಸಿ ಸುಮ್ಮನಾಗುವವರು ಬೀಟ್‌ಮೇಕರ್. ನೀವು ದನಿ ಕೊಡುವಾಗ ಪಕ್ಕದಲ್ಲಿ ಕೂತು "ಈ ಪದ ನುಂಗಿದೆ, ಇನ್ನೊಂದು ಸಲ ಹೇಳು" ಅನ್ನುವವರು ಪ್ರೊಡ್ಯೂಸರ್.

ಚೆನ್ನಾಗಿ ಬರೆಯುವವರ ಆಲ್ಬಮ್ ಬೀಟಿನಿಂದ ಕೆಟ್ಟ ಉದಾಹರಣೆ ಇದೆಯಾ?

ಇದೆ. ಬೀಟಿನಿಂದ ಎದ್ದು ನಿಂತ ಉದಾಹರಣೆಯೂ ಇದೆ. ಎರಡೂ ಅಮೆರಿಕದವು, ಯಾಕೆಂದರೆ ಅಲ್ಲಿ ಈ ಚರ್ಚೆ ಮೂವತ್ತು ವರ್ಷದಿಂದ ನಡೆಯುತ್ತಿದೆ.

ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ವಸತಿ ಸಮುಚ್ಚಯದಲ್ಲಿ ಬೆಳೆದ ರ‍್ಯಾಪರ್ ನಾಸ್ ತನ್ನ ಮೊದಲ ಆಲ್ಬಮ್ 'ಇಲ್ಮ್ಯಾಟಿಕ್' ತಂದಾಗ ಅವನಿಗೆ 20 ವರ್ಷ. 1994ರ ಏಪ್ರಿಲ್. ಹತ್ತು ಟ್ರ್ಯಾಕ್, ಒಟ್ಟು 40 ನಿಮಿಷಕ್ಕಿಂತ ಕಮ್ಮಿ. ಬೀಟ್ ಕೊಟ್ಟವರು ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್‌ಇಎಸ್. ಆ ಕಾಲದ ನ್ಯೂಯಾರ್ಕಿನ ದೊಡ್ಡ ಕೈಗಳೇ ಇದರಲ್ಲಿವೆ. ಒಂದು ಹಾಡಿನ ಕೊನೆಯಲ್ಲಿ ನಾಸ್‌ನ ತಂದೆ, ಜಾಝ್ ಕಲಾವಿದ ಓಲು ದಾರಾ, ಕಾರ್ನೆಟ್ ಊದಿದ್ದಾರೆ. ಆ ಬೀಟ್‌ಗಳನ್ನು ಗಮನ ಕೊಟ್ಟು ಕೇಳಿ. ಬಹಳಷ್ಟು ಕಡೆ ಒಂದು ಪಿಯಾನೊ ತುಣುಕು, ಒಂದು ಬೇಸ್, ಡ್ರಮ್ ಅಷ್ಟೇ. ಮಧ್ಯದಲ್ಲಿ ದನಿಗೆ ಅಂತ ಜಾಗ ಬಿಟ್ಟಿದ್ದಾರೆ.

ಆಮೇಲೆ ಅದೇ ನಾಸ್ ಬಗ್ಗೆ ವರ್ಷಗಟ್ಟಲೆ ಒಂದು ದೂರು ಓಡಾಡಿತು: ಬರವಣಿಗೆ ಅದೇ, ಬೀಟ್ ಆರಿಸುವುದು ಬರುವುದಿಲ್ಲ ಅಂತ. ಕೇಳುಗರಲ್ಲಿ ಅದು ಗಾದೆಯ ಹಾಗೆ ಆಗಿಹೋಗಿತ್ತು. 2020ರಲ್ಲಿ ಹಿಟ್-ಬಾಯ್ ಎಂಬ ಪ್ರೊಡ್ಯೂಸರ್ ಜೊತೆ ಕೂತ. 2023ರೊಳಗೆ ಇಬ್ಬರೂ ಸೇರಿ ಆರು ಆಲ್ಬಮ್ ತಂದರು. ಮೊದಲನೆಯದಕ್ಕೆ 2021ರಲ್ಲಿ ಗ್ರ್ಯಾಮಿ ಬಂತು, ಅದು ನಾಸ್‌ನ ಜೀವನದ ಮೊದಲ ಗ್ರ್ಯಾಮಿ. ನಲವತ್ತಾರನೇ ವಯಸ್ಸಿನಲ್ಲಿ ಅವನು ಬರೆಯುವುದನ್ನು ಹೊಸದಾಗಿ ಕಲಿಯಲಿಲ್ಲ ಅಲ್ವಾ? ಪಕ್ಕದಲ್ಲಿ ಕೂತವರು ಬದಲಾದರು, ಅವನ ಈಗಿನ ವಯಸ್ಸಿನ ದನಿಗೆ ಹೊಂದುವ ಸದ್ದು ಮಾಡಿಕೊಟ್ಟರು.

ಕೆಟ್ಟ ಉದಾಹರಣೆಗೆ ಕ್ಯಾನಿಬಸ್ ಎಂಬ ರ‍್ಯಾಪರ್ ಹೆಸರು ಬರುತ್ತದೆ. ಎದುರಾಳಿಯನ್ನು ಸಾಲಿನಲ್ಲೇ ಬೀಳಿಸುವ ತಾಕತ್ತು ಇದ್ದವನು. 1998ರಲ್ಲಿ ಅವನ ಮೊದಲ ಆಲ್ಬಮ್ ಬಂದಾಗ ಜನ ತುಂಬಾ ಕಾದಿದ್ದರು, ಮಾರಾಟವೂ ಆಯಿತು. ಆದರೆ ಬೀಟ್‌ಗಳು ಅವನ ದನಿಗೆ ಹೊಂದಲಿಲ್ಲ ಅಂತ ವಿಮರ್ಶಕರು ಆಗಲೇ ಬರೆದರು, ಇವತ್ತಿಗೂ ಅದೇ ಮಾತು. ನನಗೆ ಆ ಆಲ್ಬಮ್ ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅಷ್ಟೊಂದು ಸಾಲುಗಳು ಹಾಗೇ ಹೋದವಲ್ಲ ಅಂತ.

ಹಾಗಾದರೆ ದುಡ್ಡು ಜಾಸ್ತಿ ಹಾಕಿದರೆ ಪ್ರೊಡಕ್ಷನ್ ಚೆನ್ನಾಗಿ ಬರುತ್ತದೆ ಅಂತಾನಾ?

ಇಲ್ಲ. ದಯವಿಟ್ಟು ಸಾಲ ಮಾಡಬೇಡಿ.

1987ರಲ್ಲಿ ಬಂದ ಎಸ್‌ಪಿ-1200 ಎಂಬ, ಸದ್ದಿನ ತುಣುಕು ಹಿಡಿದು ಬೀಟ್ ಕಟ್ಟುವ ಸ್ಯಾಂಪ್ಲರ್‌ನಲ್ಲಿ ಒಟ್ಟು ಹತ್ತು ಸೆಕೆಂಡ್ ಧ್ವನಿ ಹಿಡಿಯುತ್ತಿತ್ತು, ಅದೂ ಒರಟು ಗುಣಮಟ್ಟದ 12 ಬಿಟ್‌ನಲ್ಲಿ. ಇವತ್ತಿನ ಯಾವ ಅಗ್ಗದ ಫೋನೂ ಅದಕ್ಕಿಂತ ಸ್ವಚ್ಛವಾಗಿ ರೆಕಾರ್ಡ್ ಮಾಡುತ್ತದೆ. ಹತ್ತು ಸೆಕೆಂಡ್ ಸಾಲದು ಅಂತ ನಿಮಿಷಕ್ಕೆ 33 ಸುತ್ತಿನ ಗ್ರಾಮಫೋನ್ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ, ಒಳಗೆ ತೆಗೆದುಕೊಂಡು, ಮತ್ತೆ ನಿಧಾನ ಮಾಡುತ್ತಿದ್ದರು. ಆ ಒರಟು ಸದ್ದೇ ಒಂದು ಕಾಲದ ರುಚಿ ಆಯಿತು. 2004ರಲ್ಲಿ ರ‍್ಯಾಪರ್ ಎಂಎಫ್ ಡೂಮ್ ಜೊತೆ ಪ್ರೊಡ್ಯೂಸರ್ ಮ್ಯಾಡ್‌ಲಿಬ್ ಮಾಡಿದ ಆಲ್ಬಮ್ಮಿನ ಎಷ್ಟೋ ಬೀಟ್‌ಗಳು ಬ್ರೆಜಿಲಿನ ಹೋಟೆಲ್ ರೂಮಿನಲ್ಲಿ ಒಂದು ಪುಟ್ಟ ಸ್ಯಾಂಪ್ಲರ್ ಮೇಲೆ ಹುಟ್ಟಿದವು. ಅದೇ ಆಲ್ಬಮ್ ಮುಗಿಯುವ ಮುಂಚೆಯೇ ಸೋರಿಕೆ ಆಗಿ ಹೊರಬಂದಾಗ ಡೂಮ್ ಮತ್ತೆ ದನಿ ಕೊಟ್ಟ, ಈ ಸಲ ತಗ್ಗಿಸಿ, ಆರಾಮಾಗಿ. ಈಗ ಜನ ಪ್ರೀತಿಸುವುದು ಆ ತಗ್ಗಿದ ದನಿಯನ್ನೇ. ಅದಕ್ಕೆ ಖರ್ಚಾದದ್ದು ತಾಳ್ಮೆ.

ನಮ್ಮೂರಿನದೇ ಒಂದು ಮಾತು. 1935ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದ ಬಂದದ್ದು. ಮನೆ ರೂಮಿನಲ್ಲಿ ಕೆಲಸ ಮಾಡುತ್ತಿದ್ದೇವೆ ಅಂತ ಮೈಸೂರಿನವರು ಸಂಕೋಚ ಪಡುವುದು ಬೇಡ.

ಕನ್ನಡ ರ‍್ಯಾಪಿಗೆ ಬಿಪಿಎಂ ಎಷ್ಟಿರಬೇಕು?

ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಅನ್ನುವುದು. ಒಂದೇ ಲೆಕ್ಕ ಇಲ್ಲ, ಆದರೆ ಲೆಕ್ಕ ಹಾಕುವ ದಾರಿ ಇದೆ. 90 ಬಿಪಿಎಂನಲ್ಲಿ ಒಂದು ಬಾರ್ ಸುಮಾರು 2.7 ಸೆಕೆಂಡ್. ಹದಿನಾರು ಬಾರಿನ ವರ್ಸ್ 43 ಸೆಕೆಂಡಿನಲ್ಲಿ ಮುಗಿಯುತ್ತದೆ. 140ರಲ್ಲಿ ಅದೇ ಹದಿನಾರು ಬಾರ್ 27 ಸೆಕೆಂಡ್. ಇಂಗ್ಲಿಷಿನಲ್ಲಿ ಉಚ್ಚಾರಕ್ಕೆ ಒಂದೇ ಅಕ್ಷರದಷ್ಟಿರುವ ಪದಗಳು ರಾಶಿ ಇವೆ. ನಮ್ಮಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತಾ ಹೋಗುತ್ತದೆ: ಮಾಡು, ಮಾಡಿಕೊಂಡು, ಮಾಡಿಕೊಂಡಿದ್ದರಿಂದ. ಇಂಗ್ಲಿಷ್ ಟ್ರ್ಯಾಪಿಗೆ (ಭಾರದ 808 ಇರುವ ಒಂದು ರ‍್ಯಾಪ್ ಬಗೆ) ಮಾಡಿದ ಬೀಟ್ ತಂದು ಅದರೊಳಗೆ ಇದನ್ನು ತುರುಕಿದರೆ ಉಸಿರೂ ಸಾಲದು, ಅರ್ಥವೂ ಉಳಿಯದು. ನೀವು ಜಾಸ್ತಿ ಹೇಳುವವರಾದರೆ 75ರಿಂದ 95ರ ಒಳಗೆ ಶುರು ಮಾಡಿ. 140ರ ಬೀಟೇ ಬೇಕು ಅಂದರೆ ಅರ್ಧ ವೇಗದಲ್ಲಿ, ಅಂದರೆ 70 ಅಂತ ಅಂದುಕೊಂಡು ಹೇಳಿ.

ಛಂದಸ್ಸು ಗೊತ್ತಿರಬೇಕಾ? ಕಾಲೇಜಿನಲ್ಲಿ ಓದಿದ್ದು ಮರೆತು ಹೋಗಿದೆ.

ಗೊತ್ತಿರಲೇಬೇಕು ಅಂತಿಲ್ಲ, ಗೊತ್ತಿದ್ದರೆ ತುಂಬಾ ಲಾಭ. ಈ ಪ್ರಶ್ನೆ ಬಂದರೆ ನನಗೆ ಖುಷಿ, ಯಾಕೆಂದರೆ ನಮ್ಮ ರಗಳೆ (ಮಾತ್ರೆ ಎಣಿಸಿ ಸಾಲು ಕಟ್ಟುವ ಹಳೆಯ ಛಂದಸ್ಸು) ಮತ್ತು ರ‍್ಯಾಪ್ ಬಾರ್ ಪಕ್ಕಪಕ್ಕ ಇಟ್ಟರೆ ಒಂದರ ಮೇಲೊಂದು ಕೂತುಬಿಡುತ್ತವೆ.

ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವ ಹೊತ್ತು, ಗಣ ಅಂದರೆ ಮಾತ್ರೆಗಳ ಗುಂಪು. ಮಂದಾನಿಲ ರಗಳೆಯಲ್ಲಿ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ. ಒಟ್ಟು 16 ಮಾತ್ರೆ. ಬೀಟ್ ಸಾಫ್ಟ್‌ವೇರ್ ತೆರೆದು ಒಂದು ಬಾರ್ ನೋಡಿ, ಎಷ್ಟು ಚೌಕ ಇವೆ? ಹದಿನಾರು. ಈಗ ಸುಮ್ನೆ ಒಂದು ಸಾಲು ಕಟ್ಟೋಣ:

ಕಬ್ಬಿನ ಗದ್ದೆಯ ಬದುವಲಿ ನಿಂತೆನು
ಹಬ್ಬದ ದಿನವೂ ದುಡಿಯಲು ಬಂದೆನು

ಒಂದೊಂದು ಮಾತ್ರೆಗೆ ಒಂದೊಂದು ಚೌಕ ಕೊಡಿ. ಗುರುವಿಗೆ (ದೀರ್ಘ ಅಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಮುಂಚಿನ ಅಕ್ಷರ) ಎರಡು, ಲಘುವಿಗೆ (ಹ್ರಸ್ವ ಅಕ್ಷರ) ಒಂದು. ಮೊದಲ ಸಾಲಿನಲ್ಲಿ ಕಿಕ್ (ದಪ್ಪ ಡ್ರಮ್) ಬೀಳುವ ಮೊದಲ ಬಡಿತಕ್ಕೆ "ಕಬ್", ಸ್ನೇರ್ ಬೀಳುವ ಎರಡನೇ ಮತ್ತು ನಾಲ್ಕನೇ ಬಡಿತಕ್ಕೆ "ಗದ್", "ನಿಂ". ಗುರುಗಳೆಲ್ಲ ಬಡಿತದ ಮೇಲೆ ಕೂತವು. ಮೂರನೇ ಬಡಿತದಲ್ಲಿ ಮಾತ್ರ "ಬದುವಲಿ" ಅಂತ ನಾಲ್ಕು ಲಘು, ಚಕಚಕ ಅಂತ ಹೋಗುತ್ತವೆ. ಎರಡೂ ಸಾಲಿನ ಎರಡನೇ ಅಕ್ಷರದ ವ್ಯಂಜನ "ಬ್ಬ್", ಅದು ನಮ್ಮ ಹಳೆಯ ಆದಿಪ್ರಾಸ. ಕೊನೆಯ ಪ್ರಾಸ ಬೇರೆ ಇದೆ. ರ‍್ಯಾಪಿನವರು ಕೊನೆಯ ಪ್ರಾಸಕ್ಕೇ ಜೋತು ಬೀಳುತ್ತಾರೆ. ಕಿಕ್ ಮೇಲೆ ಬೀಳುವ ಆದಿಪ್ರಾಸ ಎಷ್ಟು ಬಲ ಕೊಡುತ್ತದೆ ಅಂತ ಒಮ್ಮೆ ಮಾಡಿ ನೋಡಿ.

ಪ್ರೊಡ್ಯೂಸರ್‌ಗೆ ಇದು ಯಾಕೆ ಬೇಕು ಅಂದರೆ, ಆ "ಬದುವಲಿ" ಮೇಲೆ ಮೂರರ ಲೆಕ್ಕದ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ತಾಳ) ರೋಲ್ ಹಾಕಿದರೆ ನಾಲ್ಕು ಲಘುವೂ ಮೂರು ಬಡಿತವೂ ತಿಕ್ಕಾಡಿ ಪದ ಕಲೆಸಿಹೋಗುತ್ತದೆ. ಅದೇ ಮೂರು ಮಾತ್ರೆಯ ಗಣದ ಉತ್ಸಾಹ ರಗಳೆಯಲ್ಲಿ ಬರೆದರೆ ನಾಲ್ಕು ಗಣಕ್ಕೆ 12 ಮಾತ್ರೆ ಆಗುತ್ತದೆ. ಟ್ರ್ಯಾಪಿನ ಟ್ರಿಪ್ಲೆಟ್ ಫ್ಲೋನಲ್ಲೂ (ಬಡಿತಕ್ಕೆ ಮೂರು ಅಕ್ಷರ ಹೇಳುವ ರೀತಿ) ಬಾರಿಗೆ ಹನ್ನೆರಡೇ. ಆಗ ಆ ಹ್ಯಾಟ್ ರೋಲ್ ಹಾಲಿಗೆ ಸಕ್ಕರೆ ಬಿದ್ದ ಹಾಗೆ ಬೆರೆಯುತ್ತದೆ. ಐದು ಮಾತ್ರೆಯ ಲಲಿತ ರಗಳೆ, ಮೂರು ಮತ್ತು ನಾಲ್ಕು ಸೇರಿದ ಕುಮಾರವ್ಯಾಸನ ಭಾಮಿನಿ ಷಟ್ಪದಿ, ಇವು ನಾಲ್ಕರ ಬೀಟಿನಲ್ಲಿ ನೇರ ಕೂರುವುದಿಲ್ಲ. ಗಣ ಒಂದು ಕಡೆ, ಬಡಿತ ಒಂದು ಕಡೆ ಹೋಗಿ ಕೆಲವು ಬಾರ್ ಆದ ಮೇಲೆ ಮತ್ತೆ ಸೇರುತ್ತವೆ. ಕೈ ಪಳಗಿದವರು ಅದನ್ನು ಬೇಕಂತಲೇ ಮಾಡಬಹುದು. ಆಗ ಬೀಟ್ ಸರಳವಾಗಿರಬೇಕು. ಸಾಲು ಅಷ್ಟು ಆಟ ಆಡುತ್ತಿರುವಾಗ ಡ್ರಮ್ ಕೂಡ ಆಟ ಆಡಿದರೆ ಕೇಳುವವರು ಕಾಲೂರಲು ನೆಲ ಇರುವುದಿಲ್ಲ.

ಯೂಟ್ಯೂಬಿನ ಟೈಪ್ ಬೀಟ್ ಮೇಲೆ ಮಾಡಿದರೆ ತಪ್ಪಾ?

ತಪ್ಪಲ್ಲ, ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು. ಹೆಸರಾದವರ ಶೈಲಿಯಲ್ಲಿ ಮಾಡಿ ಮಾರಾಟಕ್ಕಿಡುವ ಬೀಟ್ ಅದು. ಆದರೆ ನೀವು ತರುವುದು ಒಂದೇ ಎಂಪಿ3 ಫೈಲ್. ಅದರಲ್ಲಿ ಕಿಕ್, ಬೇಸ್, ಕೀಬೋರ್ಡ್ ಎಲ್ಲ ಒಟ್ಟಿಗೆ ಅಂಟಿರುತ್ತದೆ, ಮೇಲಿಂದ ಲಿಮಿಟರ್ (ಸದ್ದಿನ ಏರನ್ನು ತಡೆಯುವ ಸಾಧನ) ಹಾಕಿ ಹಿಂಡಿರುತ್ತಾರೆ. ನಿಮ್ಮ ದನಿಗೆ ಜಾಗ ಮಾಡಲು ನಾನು ಎಲ್ಲಿ ಅಗೆಯಲಿ? ಸ್ಟೆಮ್ ಸಿಗುವ ಲೈಸೆನ್ಸ್ ಕೊಳ್ಳಿ, ಅಂದರೆ ಒಂದೊಂದು ವಾದ್ಯಕ್ಕೆ ಒಂದೊಂದು ವೇವ್ ಫೈಲ್. ಇನ್ನೊಂದು, ಲೀಸ್ ಅಂದರೆ ಬಾಡಿಗೆ. ಅದೇ ಬೀಟ್ ಇನ್ನೂ ನೂರು ಜನರ ಹಾಡಿನಲ್ಲಿ ಇರಬಹುದು. ಒಂದು ಹಾಡಿಗೆ ಪರವಾಗಿಲ್ಲ, ಇಡೀ ಆಲ್ಬಮ್ಮಿಗೆ ನನ್ನ ಮನಸ್ಸು ಒಪ್ಪುವುದಿಲ್ಲ.

ಮಾತು ಸರಿಯಾಗಿ ಕೇಳಿಸುತ್ತಿಲ್ಲ. ದನಿಯ ವಾಲ್ಯೂಮ್ ಜಾಸ್ತಿ ಮಾಡಲಾ?

ಮೊದಲು ಬೇರೆಯದನ್ನು ಕಮ್ಮಿ ಮಾಡಿ. ಮಾತು ಸ್ಪಷ್ಟವಾಗುವುದು ಹೆಚ್ಚುಕಮ್ಮಿ 2ರಿಂದ 5 ಕಿಲೋಹರ್ಟ್ಸ್ ನಡುವೆ. ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಗಿಟಾರ್, ಸ್ನೇರ್‌ನ ಚುರುಕು ಕೂಡ ಅಲ್ಲೇ ಬಂದು ಕೂರುತ್ತವೆ. ದನಿ ಬಂದಾಗ ಅವನ್ನು ಆ ಜಾಗದಲ್ಲಿ ಎರಡು ಮೂರು ಡೆಸಿಬೆಲ್ ಇಳಿಸಿದರೆ ಸಾಕು, ಮಾತು ತಾನಾಗಿ ಮುಂದೆ ಬರುತ್ತದೆ.

ಕನ್ನಡಕ್ಕೆ ಅಂತಲೇ ಕೆಲವು ಸೂಕ್ಷ್ಮ ಇವೆ. "ಕಬ್ಬು" ಅನ್ನುವಾಗ ತುಟಿ ಮುಚ್ಚಿ ಒಂದು ಕ್ಷಣ ಸದ್ದು ತಡೆದು ಬಿಡುತ್ತೇವೆ. ಆ ತಡೆಯೇ ಒತ್ತು. ಉದ್ದನೆಯ ರಿವರ್ಬ್ ಆ ಖಾಲಿಯನ್ನು ತುಂಬಿಬಿಡುತ್ತದೆ. ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಸಾಧನ) ತೀರಾ ಬೇಗ ಹಿಡಿದರೆ ಬಿಡುವಾಗಿನ ಸಿಡಿತ ಹೋಗುತ್ತದೆ. "ಬೆಲ್ಲ" ಮತ್ತು "ಬೆಲೆ" ನಡುವಿನ ಮುಖ್ಯ ವ್ಯತ್ಯಾಸ "ಲ" ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಅದೂ ರಿವರ್ಬಿನಲ್ಲಿ ಕರಗುತ್ತದೆ. "ಹಲ್ಲಿ" ಮತ್ತು "ಹಳ್ಳಿ" ಬೇರೆ ಮಾಡುವ ಗುರುತು 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿದೆ, ಅಲ್ಲಿ ದಪ್ಪ ಸಿಂಥ್ ಇಟ್ಟರೆ ಹಳ್ಳಿಯೂ ಹಲ್ಲಿಯೇ. ಪದದ ಮೇಲೆ ಆಟ ಆಡುವವರ ಹಾಡಿಗೆ ನಾನು ರಿವರ್ಬ್ ತೀರಾ ಚಿಕ್ಕದು ಇಡುತ್ತೇನೆ, ಕಂಪ್ರೆಸರ್‌ನ ಅಟ್ಯಾಕ್ (ಅದು ಹಿಡಿಯಲು ತೆಗೆದುಕೊಳ್ಳುವ ಹೊತ್ತು) 15ರಿಂದ 30 ಮಿಲಿಸೆಕೆಂಡ್ ಬಿಡುತ್ತೇನೆ. ಸ, ಶ ಚುಚ್ಚಿದರೆ ಡಿ-ಎಸ್ಸರ್ (ಆ ಚುಚ್ಚು ಇಳಿಸುವ ಸಾಧನ) ಹಾಕಿ, ಆದರೆ ಹಗುರವಾಗಿ. ಜಾಸ್ತಿ ಹಾಕಿದರೆ "ಶಾಲೆ" ಅಂದದ್ದು ತೊದಲಿದ ಹಾಗೆ ಕೇಳುತ್ತದೆ.

ಮನೆಯಲ್ಲೇ ದನಿ ರೆಕಾರ್ಡ್ ಮಾಡಬಹುದಾ?

ಖಂಡಿತ. ಮೈಕಿಗಿಂತ ರೂಮು ಮುಖ್ಯ. ನಮ್ಮ ಹಳೆಯ ಮನೆಗಳ ಕೆಂಪು ಗಾರೆ ನೆಲ, ಬರಿ ಗೋಡೆ ನೋಡಲು ಚೆಂದ, ಆದರೆ ಸದ್ದು ಚೆಂಡಿನ ಹಾಗೆ ಪುಟಿಯುತ್ತದೆ. ಬಟ್ಟೆ ತುಂಬಿದ ಬೀರು ಇರುವ ರೂಮು ಆರಿಸಿ, ಹಿಂದೆ ಎರಡು ಕಂಬಳಿ ನೇತು ಹಾಕಿ, ಕೆಳಗೆ ಜಮಖಾನ ಹಾಸಿ. ರೂಮು ಸರಿಯಿಲ್ಲದಿದ್ದರೆ ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಬದಲು ಡೈನಮಿಕ್ ಮೈಕ್ ತೆಗೆದುಕೊಳ್ಳಿ, ಅದು ದೂರದ ಸದ್ದು ಕಮ್ಮಿ ಹಿಡಿಯುತ್ತದೆ. ಬಾಯಿಗೂ ಮೈಕಿಗೂ ಒಂದು ಗೇಣು ದೂರ ಇರಲಿ, ನಡುವೆ ಪಾಪ್ ಫಿಲ್ಟರ್ (ಉಸಿರಿನ ಪೆಟ್ಟು ತಡೆಯುವ ಜಾಲರಿ) ಇರಲಿ. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್. ಮೀಟರ್ ಕೆಂಪು ಮುಟ್ಟಬಾರದು. ಫ್ಯಾನ್ ನಿಲ್ಲಿಸಿ. ಆಷಾಢ ಶುಕ್ರವಾರ, ದಸರಾ ಹೊತ್ತು, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಕಾಲ, ಇವನ್ನು ನೋಡಿಕೊಂಡು ದಿನ ಇಟ್ಟುಕೊಳ್ಳಿ. ನಾನು ಎಷ್ಟೋ ಒಳ್ಳೆಯ ಟೇಕ್‌ಗಳನ್ನು ರಾತ್ರಿ ಹನ್ನೊಂದರ ಮೇಲೆ ಹಿಡಿದಿದ್ದೇನೆ.

ತಮಟೆ, ಕಂಸಾಳೆ ಹಾಕಿದರೆ ನಮ್ಮ ಮಣ್ಣಿನ ಸದ್ದು ಬರುತ್ತದೆ ಅಲ್ವಾ?

ಬರುತ್ತದೆ, ಬರಬೇಕು ಅಂತ ನನಗೂ ಆಸೆ. ಆದರೆ ಲೂಪ್ ಪ್ಯಾಕಿನಿಂದ (ಸಿದ್ಧ ತುಣುಕುಗಳ ಸಂಗ್ರಹ) ತಂದು ಹಾಡು ಪೂರ್ತಿ ಅಂಟಿಸಬೇಡಿ, ಕೈ ಮುಗಿಯುತ್ತೇನೆ.

ತಮಟೆಯ ಕಡ್ಡಿ ಪೆಟ್ಟು ನಿಮ್ಮ ವ್ಯಂಜನಗಳು ಇರುವ ಜಾಗಕ್ಕೇ ಬಂದು ಬೀಳುತ್ತದೆ. ಕಂಸಾಳೆಯ ಕಂಚಿನ ಝಣ ಇನ್ನೂ ಮೇಲೆ, ಸ ಮತ್ತು ಶ ಇರುವ ಕಡೆ. ವರ್ಸ್ ಓಡುವಾಗ ಎರಡನ್ನೂ ಓಡಿಸಿದರೆ ಮಾತು ಸೋಲುತ್ತದೆ. ಕಂಸಾಳೆಯವರು ಮಾದಪ್ಪನ ಕಥೆ ಹೇಳುವುದನ್ನು, ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವುದನ್ನು ರಾತ್ರಿ ಪೂರ್ತಿ ಕೂತು ಕೇಳಿದ್ದೀರಾ? ಕಥೆ ನಡೆಯುವಾಗ ವಾದ್ಯ ತಗ್ಗುತ್ತದೆ, ಸಾಲು ಮುಗಿದ ಕಡೆ ಏರುತ್ತದೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಇದಕ್ಕಿಂತ ಒಳ್ಳೆಯ ಮಿಕ್ಸಿಂಗ್ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ. ಹಾಗೇ ಮಾಡಿ. ತಮಟೆಯನ್ನು ಸಾಲಿನ ಕೊನೆಗೆ ಉತ್ತರದ ಹಾಗೆ ಇಡಿ, ಹುಕ್ಕಿನಲ್ಲಿ (ಮತ್ತೆ ಮತ್ತೆ ಬರುವ ಪಲ್ಲವಿ) ಪೂರ್ತಿ ಬಿಡಿ.

ಬಾರಿಸುವವರನ್ನೇ ಕರೆಸಿ, ಅವರಿಗೆ ಸರಿಯಾದ ಕೂಲಿ ಕೊಡಿ, ಹೆಸರು ಹಾಕಿ. ತಮಟೆ ಕಾಯಿಸಿದರೆ ಚರ್ಮ ಬಿಗಿಯುತ್ತದೆ, ಆರಿದಂತೆ ದನಿ ಇಳಿಯುತ್ತದೆ. ಅದಕ್ಕೇ ಎರಡು ಮೂರು ಟೇಕಿಗೊಮ್ಮೆ ಮತ್ತೆ ಕಾಯಿಸಲು ಹೊತ್ತು ಕೊಡಿ. ರೆಕಾರ್ಡಿಂಗ್ ತಾರಸಿ ಮೇಲೆ ಅಥವಾ ಅಂಗಳದಲ್ಲಿ, ಮೈಕ್ ಐದಾರು ಅಡಿ ದೂರ. ಚಿಕ್ಕ ರೂಮಿನಲ್ಲಿ ತಮಟೆ ಕೂಡಿ ಹಾಕಿದರೆ ಬರೀ ಪೆಟ್ಟು ಸಿಗುತ್ತದೆ, ನಾದ ಸಿಗುವುದಿಲ್ಲ.

ರೆಕಾರ್ಡ್ ಮಾಡುವಾಗ ಮಂಡ್ಯ ಭಾಷೆ ಸರಿ ಮಾಡಿಕೊಳ್ಳಬೇಕಾ?

ಯಾಕೆ? ಅದರಲ್ಲಿ ಏನು ತಪ್ಪಿದೆ? "ಬರುತ್ತಿದ್ದಾನೆ" ಐದು ಅಕ್ಷರ, "ಬತ್ತಾವ್ನೆ" ಮೂರು. ನಿಮ್ಮ ಅಜ್ಜಿ ತಾತ ನಿಮಗಾಗಿ ಆಗಲೇ ಫ್ಲೋ ಮಾಡಿಟ್ಟಿದ್ದಾರೆ. ಪ್ರೊಡ್ಯೂಸರ್ ಬೇರೆ ಊರಿನವರಾದರೆ ಪದದ ಅರ್ಥ ಹೇಳಿಕೊಡಿ. ಅರ್ಥ ಗೊತ್ತಿಲ್ಲದವರು ಎಲ್ಲಿ ಬೀಟ್ ನಿಲ್ಲಿಸಬೇಕು ಅಂತ ಹೇಗೆ ತಿಳಿಯಬೇಕು?

ಆಟೋಟ್ಯೂನ್?

ದನಿಯ ಶ್ರುತಿ ಸರಿಮಾಡುವ ಆ ಸಾಫ್ಟ್‌ವೇರನ್ನು ಹುಕ್ಕಿಗೆ ಬೇಕಾದರೆ ಹಾಕಿ. ಕಥೆ ಹೇಳುವ ವರ್ಸಿಗೆ ನಾನು ಹಾಕುವುದಿಲ್ಲ.

ಹಾಡು ಇನ್ನೂ ಜೋರಾಗಿ ಬೇಕು. ಮಾಸ್ಟರಿಂಗ್‌ನಲ್ಲಿ ಏರಿಸಬಹುದಲ್ವಾ?

ಮಾಸ್ಟರಿಂಗ್, ಅಂದರೆ ಹಾಡು ಹೊರಗೆ ಹೋಗುವ ಮುಂಚಿನ ಕೊನೆಯ ಹದದಲ್ಲಿ, ಏರಿಸಬಹುದು, ಲಾಭ ಇಲ್ಲ. ಸ್ಪಾಟಿಫೈ ಎಲ್ಲ ಹಾಡನ್ನೂ ಸದ್ದಿನ ಜೋರು ಅಳೆಯುವ ಮಾನದಲ್ಲಿ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರುತ್ತದೆ, ಯೂಟ್ಯೂಬ್ ಕೂಡ ಜೋರಾದದ್ದನ್ನು ಇಳಿಸುತ್ತದೆ. ನೀವು ಹಿಂಡಿ ಏರಿಸಿದ್ದು ಅಲ್ಲಿ ಇಳಿಯುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಪಿಸುಮಾತಿಗೂ ಕೂಗಿಗೂ ವ್ಯತ್ಯಾಸ ಹೋದರೆ ಬರೆದವರಿಗೇ ನಷ್ಟ.

ಫೋನಿನಲ್ಲಿ 808 ಕೇಳುವುದೇ ಇಲ್ಲ. ಮಿಕ್ಸ್ ಕೆಟ್ಟಿದೆಯಾ?

ಫೋನಿನ ಸ್ಪೀಕರ್‌ಗೆ ಆ ಶಕ್ತಿ ಇಲ್ಲ. 808ರ ಮೂಲ ಸದ್ದು 50 ಹರ್ಟ್ಸ್ ಆಸುಪಾಸು, ಪುಟ್ಟ ಸ್ಪೀಕರ್ 200ರ ಕೆಳಗೆ ಸುಸ್ತಾಗುತ್ತದೆ. ಬೇಸಿಗೆ ಸ್ವಲ್ಪ ಸ್ಯಾಚುರೇಷನ್ (ಹಗುರವಾದ ಒಡಕು ಸದ್ದು) ಹಾಕಿದರೆ 100, 150, 200, 250ರಲ್ಲಿ ಅದರ ನೆರಳುಗಳು ಹುಟ್ಟುತ್ತವೆ, ಅವನ್ನು ಕೇಳಿ ಕಿವಿ ಕೆಳಗಿನದನ್ನು ತಾನೇ ಊಹಿಸಿಕೊಳ್ಳುತ್ತದೆ. ನಾನು ಮಿಕ್ಸ್ ಮುಗಿಸಿದ ಮೇಲೆ ಫೋನ್, ಕಾರು, ಅಗ್ಗದ ಇಯರ್‌ಫೋನ್, ಗೆಳೆಯನ ಆಟೋ, ನಾಲ್ಕರಲ್ಲೂ ಕೇಳುತ್ತೇನೆ. ಆಟೋದಲ್ಲಿ ಸಾಲು ಅರ್ಥವಾದರೆ ಎಲ್ಲ ಕಡೆಯೂ ಅರ್ಥವಾಗುತ್ತದೆ.

ಆಲ್ಬಮ್ಮಿನಲ್ಲಿ ಎಷ್ಟು ಹಾಡು ಇರಬೇಕು? ಎಲ್ಲಕ್ಕೂ ಒಬ್ಬರೇ ಪ್ರೊಡ್ಯೂಸರ್ ಬೇಕಾ?

ಎಂಟರಿಂದ ಹತ್ತು ಸಾಕು. ಇಪ್ಪತ್ತು ಇದ್ದರೆ ಹತ್ತು ತೆಗೆಯಿರಿ, ತೆಗೆದದ್ದು ನೋವು ಕೊಟ್ಟರೆ ಸರಿಯಾದ ದಾರಿಯಲ್ಲಿದ್ದೀರಿ. ಪ್ರೊಡ್ಯೂಸರ್ ಐದು ಜನ ಇದ್ದೂ ಒಂದೇ ಬೀದಿಯಲ್ಲಿ ನಡೆದ ಹಾಗೆ ಕೇಳುವುದು 'ಇಲ್ಮ್ಯಾಟಿಕ್'. ಅಂಥ ಐದು ಜನ ಒಂದೇ ಊರಿನಲ್ಲಿ ಸಿಗುವುದು ಅಪರೂಪ. ಮೊದಲ ಆಲ್ಬಮ್ಮಿಗೆ ಒಬ್ಬರನ್ನೇ ಹಿಡಿಯಿರಿ, ಬೇರೆಯವರಿಂದ ಬೀಟ್ ತಂದರೂ ಮಿಕ್ಸ್ ಒಬ್ಬರೇ ಮಾಡಲಿ. ಭಾರದ ಕಥೆಯ ಹಾಡು ಎರಡು ಬೆನ್ನು ಬೆನ್ನಿಗೆ ಇಡಬೇಡಿ, ಕೇಳುವವರಿಗೂ ಉಸಿರು ಬೇಕು.

ಹಳೆ ಸಿನಿಮಾ ಹಾಡಿನ ತುಣುಕು ಸ್ಯಾಂಪಲ್ ಮಾಡಬಹುದಾ?

ಅನುಮತಿ ಇಲ್ಲದೆ ಬೇಡ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಧ್ವನಿಮುದ್ರಣಕ್ಕೆ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ, ಅದು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ. ಮುದ್ರಣ ಹಳೆಯದಾಯಿತು ಅಂತ ಹಾಡು ಬಿಡುಗಡೆ ಆಗುವುದಿಲ್ಲ. ಆ ಭಾವ ಬೇಕಿದ್ದರೆ ವೀಣೆ ಅಥವಾ ಪಿಟೀಲು ನುಡಿಸುವ ಯಾರನ್ನಾದರೂ ಕರೆದು ಹೊಸದಾಗಿ ಒಂದು ತುಣುಕು ನುಡಿಸಿ ಅನ್ನಿ, ಅದನ್ನೇ ಕತ್ತರಿಸಿ ಲೂಪ್ ಮಾಡೋಣ. ಮೈಸೂರಿನಲ್ಲಿ ಅವರಿಗೇನು ಬರವೇ?

ಪ್ರೊಡ್ಯೂಸರ್‌ಗೆ ದುಡ್ಡು ಕೊಟ್ಟರೆ ಸಾಕಾ, ಹೆಸರೂ ಹಾಕಬೇಕಾ?

ಎರಡೂ. ರಾಯಲ್ಟಿ ಪಾಲು ಎಷ್ಟು ಅಂತ ಹಾಡು ಹೊರಗೆ ಬರುವ ಮುಂಚೆ ಬರೆದಿಟ್ಟುಕೊಳ್ಳಿ. ಗೆಳೆತನ ಉಳಿಯುತ್ತದೆ.

ರೆಕಾರ್ಡಿಂಗಿಗೆ ಬರುವಾಗ ಏನು ತರಬೇಕು?

ಸ್ಟೆಮ್ ಫೈಲ್‌ಗಳು, ಬಿಪಿಎಂ, ಕುಡಿಯುವ ನೀರು, ಪೂರ್ತಿ ಒಂದು ಮಧ್ಯಾಹ್ನ. ಸಾಲುಗಳನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಎರಡು ಪ್ರತಿ ತನ್ನಿ, ಒಂದು ನನಗೆ. ಪ್ರತಿ ವರ್ಸಿನಲ್ಲಿ ಯಾವ ಪದ ಕೇಳಿಸಲೇಬೇಕೋ ಅದರ ಕೆಳಗೆ ಗೆರೆ ಎಳೆದಿರಿ. ವರ್ಸಿಗೆ ಮೂರು ಗೆರೆ, ಅಷ್ಟೇ. ಬಂದ ಮೇಲೆ ಮೊದಲ ಅರ್ಧ ಗಂಟೆ ನಾನು ಬೀಟ್ ಹಾಕುವುದಿಲ್ಲ. ಕೂತು ಓದಿ, ನಾನು ಕೇಳುತ್ತೇನೆ.